ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಮ್ಮ ಪಠ್ಯಪುಸ್ತಕಗಳಲ್ಲಿ ಮಾನವನ ದೇಹವನ್ನು ಅಧ್ಯಾಯಗಳಾಗಿ ಹಂಚಿರುತ್ತಾರೆ. ರಕ್ತಪರಿಚಲನೆಗೆ ಒಂದು ಅಧ್ಯಾಯ, ವಿಸರ್ಜನೆಗೆ ಇನ್ನೊಂದು, ನಿರ್ನಾಳ ಗ್ರಂಥಿಗಳಿಗೆ ಮತ್ತೊಂದು. ಕಲಿಸುವವರಿಗೂ ಕಲಿಯುವವರಿಗೂ ಈ ಏರ್ಪಾಡು ಅನುಕೂಲವಾದುದೇ ಸರಿ. ಆದರೆ ದೇಹದೊಳಗೆ ಇಂತಹ ಗೋಡೆಗಳಿಲ್ಲ. ಒಂದು ಅಂಗದಲ್ಲಿ ಹುಟ್ಟಿದ ದೋಷವು ಮತ್ತೊಂದು ಅಂಗದ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದುಂಟು. ಆಗ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯಂತೆ, ನಿರಪರಾಧಿಯಾದ ಅಂಗದ ಮೇಲೆ ಅಪವಾದ ಬೀಳುತ್ತದೆ. ಕುತ್ತಿಗೆಯಲ್ಲಿರುವ ಥೈರಾಯಿಡ್ ಗ್ರಂಥಿಗೂ ಬೆನ್ನಿನ ಬದಿಯಲ್ಲಿರುವ ಮೂತ್ರಪಿಂಡಗಳಿಗೂ ಇರುವ ಸಂಬಂಧವು ಇದಕ್ಕೆ ಒಳ್ಳೆಯ ನಿದರ್ಶನ.

ನಾನು ವೈದ್ಯನಲ್ಲ, ಭೌತಶಾಸ್ತ್ರವನ್ನು ಬೋಧಿಸುವವನು. ಆದರೂ ಈ ವಿಷಯವನ್ನು ಕುರಿತು ಬರೆಯಲು ನನಗೆ ಒಂದು ಹಕ್ಕಿದೆಯೆಂದು ಭಾವಿಸುತ್ತೇನೆ. ರೋಗಿಯ ಕೈಗೆ ಬರುವ ರಕ್ತಪರೀಕ್ಷೆಯ ಚೀಟಿಯಲ್ಲಿರುವುದು ಅಳತೆಗಳು. ಅಳತೆಯನ್ನು ಹೇಗೆ ಓದಬೇಕು, ಅದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸ್ಪಷ್ಟವಾದ ಕಾರಣವಿಲ್ಲದೆ ಯಾರ ರಕ್ತದಲ್ಲಾದರೂ ಕ್ರಿಯಾಟಿನಿನ್ ಏರಿದ್ದು ಕಂಡರೆ, ಅವರ ಮೂತ್ರಪಿಂಡಗಳು ಕೆಟ್ಟಿವೆಯೆಂದು ತೀರ್ಮಾನಿಸುವುದಕ್ಕೆ ಮುನ್ನ ಥೈರಾಯಿಡ್ ಗ್ರಂಥಿಯನ್ನು ವಿಚಾರಿಸಬೇಕು. ಇದು ನಿಯಮವಾಗಬೇಕೇ ಹೊರತು ವೈದ್ಯರ ನೆನಪಿಗೆ ಬಂದಾಗ ಮಾತ್ರ ಮಾಡುವ ಕೆಲಸವಾಗಬಾರದು.

ಮೊದಲು ಮೂತ್ರಪಿಂಡಗಳ ಕೆಲಸವನ್ನು ನೋಡೋಣ. ಒಂದೊಂದು ಮೂತ್ರಪಿಂಡವೂ ಸುಮಾರು 150 ಗ್ರಾಂ ತೂಗುತ್ತದೆ. ಒಂದೊಂದರಲ್ಲಿಯೂ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನುಗಳಿರುತ್ತವೆ. ಇಡೀ ದೇಹದ ತೂಕದಲ್ಲಿ ಇವೆರಡರ ಪಾಲು ನೂರಕ್ಕೆ ಅರ್ಧದಷ್ಟೂ ಇಲ್ಲ. ಆದರೂ ಹೃದಯವು ಹೊರಡಿಸುವ ರಕ್ತದಲ್ಲಿ ಐದನೆಯ ಒಂದು ಭಾಗದಷ್ಟು, ಎಂದರೆ ನಿಮಿಷಕ್ಕೆ ಸುಮಾರು ಒಂದು ಲೀಟರು, ಇವುಗಳ ಮೂಲಕವೇ ಹಾಯುತ್ತದೆ. ಆರೋಗ್ಯವಂತ ಯುವಕನಲ್ಲಿ ಆ ರಕ್ತದಿಂದ ನಿಮಿಷಕ್ಕೆ ಸುಮಾರು 125 ಮಿಲಿಲೀಟರು ದ್ರವ ಸೋಸಿಹೋಗುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ ಇದು 180 ಲೀಟರು! ಇದರಲ್ಲಿ ನೂರಕ್ಕೆ 99 ಪಾಲು ಮರಳಿ ರಕ್ತಕ್ಕೆ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಸೋಸುವಿಕೆಯ ಈ ದರವೇ ಮೂತ್ರಪಿಂಡಗಳ ಸಾಮರ್ಥ್ಯದ ಮುಖ್ಯ ಅಳತೆ.

ಆದರೆ ಈ ದರವನ್ನು ನೇರವಾಗಿ ಅಳೆಯುವುದು ಪ್ರಯಾಸದ ಕೆಲಸ. ಆದುದರಿಂದ ವೈದ್ಯರು ಒಂದು ಉಪಾಯವನ್ನು ಅವಲಂಬಿಸುತ್ತಾರೆ. ನಮ್ಮ ಸ್ನಾಯುಗಳಿಂದ ಕ್ರಿಯಾಟಿನಿನ್ ಎಂಬ ವಸ್ತು ಪ್ರತಿದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಒಂದೆರಡು ಗ್ರಾಮಿನಷ್ಟು, ರಕ್ತಕ್ಕೆ ಬಂದು ಸೇರುತ್ತದೆ. ಅದನ್ನು ಹೊರಹಾಕುವುದು ಮೂತ್ರಪಿಂಡಗಳ ಕೆಲಸ. ಪಿಕ್ರಿಕ್ ಆಮ್ಲದೊಡನೆ ಇದು ಕಿತ್ತಳೆ ಬಣ್ಣವನ್ನು ಕೊಡುತ್ತದೆಂದು ಮ್ಯಾಕ್ಸ್ ಯಾಫೆ ಎಂಬ ಜರ್ಮನ್ ವಿಜ್ಞಾನಿ 1886ರಲ್ಲಿಯೇ ತೋರಿಸಿದನು. ಇಂದಿಗೂ ಅನೇಕ ಪ್ರಯೋಗಶಾಲೆಗಳಲ್ಲಿ ಆ ಬಣ್ಣದ ಗಾಢತೆಯನ್ನು ಅಳೆದೇ ಕ್ರಿಯಾಟಿನಿನ್‌ನ ಪ್ರಮಾಣವನ್ನು ಕಂಡುಹಿಡಿಯುತ್ತಾರೆ.

ಒಳಬರುವ ನೀರೂ ಹೊರಹೋಗುವ ನೀರೂ ಸಮನಾದಾಗ ತೊಟ್ಟಿಯ ಮಟ್ಟ ಒಂದೆಡೆ ನಿಲ್ಲುತ್ತದೆ. ಕ್ರಿಯಾಟಿನಿನ್‌ನ ಲೆಕ್ಕವೂ ಹಾಗೆಯೇ. ಹುಟ್ಟುವ ಪ್ರಮಾಣವು ಸ್ಥಿರವಾಗಿದ್ದರೆ, ರಕ್ತದಲ್ಲಿ ಅದರ ಸಾಂದ್ರತೆಯನ್ನು ಸೋಸುವ ದರದಿಂದ ಗುಣಿಸಿದಾಗ ಬರುವ ಲಬ್ಧವೂ ಸ್ಥಿರವಾಗಿರಬೇಕು. ಎಂದರೆ ಸಾಂದ್ರತೆಯು ಸೋಸುವ ದರಕ್ಕೆ ವಿಲೋಮವಾಗಿರುತ್ತದೆ. ಸೋಸುವ ದರವು ನೂರಕ್ಕೆ 40ರಷ್ಟು ಇಳಿದರೆ ಸಾಂದ್ರತೆಯು 0.6ರಿಂದ ಭಾಗಿಸಿದಷ್ಟು ಏರುತ್ತದೆ, ಡೆಸಿಲೀಟರಿಗೆ 0.9 ಮಿಲಿಗ್ರಾಂ ಇದ್ದದ್ದು 1.5 ಆಗುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸೋಸುವಿಕೆ ಕಡಿಮೆಯಾಗಿದೆ ಎಂಬುದನ್ನು ಈ ಅಂಕಿ ಹೇಳುತ್ತದೆ. ಅದು ಏಕೆ ಕಡಿಮೆಯಾಯಿತು ಎಂಬುದನ್ನು ಹೇಳುವುದಿಲ್ಲ. ನಲ್ಲಿಗೆ ಕಟ್ಟಿದ ಬಟ್ಟೆಯಿಂದ ನೀರು ಸಣ್ಣಗೆ ಬೀಳುತ್ತಿದ್ದರೆ ಬಟ್ಟೆಯಲ್ಲಿ ಕಸ ತುಂಬಿರಬಹುದು. ಅಥವಾ ಬೀದಿಯ ಕೊಳಾಯಿಯಲ್ಲಿಯೇ ನೀರು ಕಡಿಮೆಯಾಗಿರಬಹುದು. ಎರಡನೆಯದು ನಿಜವಾಗಿದ್ದರೆ ಬಟ್ಟೆಯನ್ನು ಎಷ್ಟು ಒಗೆದರೂ ಪ್ರಯೋಜನವಿಲ್ಲ.

ಇನ್ನು ಥೈರಾಯಿಡ್ ಗ್ರಂಥಿಯ ವಿಷಯ. ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ಚಿಟ್ಟೆಯ ಆಕಾರದಲ್ಲಿರುವ ಈ ಪುಟ್ಟ ಗ್ರಂಥಿ ಆಹಾರದ ಅಯೋಡಿನನ್ನು ಹಿಡಿದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ದೇಹದ ಬಹುಮಟ್ಟಿಗೆ ಎಲ್ಲ ಜೀವಕೋಶಗಳ ಕೆಲಸದ ವೇಗವೂ ಇದನ್ನು ಅವಲಂಬಿಸಿದೆ. ಇದು ಸಾಲದಾದಾಗ ಆಯಾಸ, ಚಳಿಯನ್ನು ತಾಳಲಾರದಿರುವುದು, ಮಲಬದ್ಧತೆ, ಒಣಚರ್ಮ, ಮುಖದ ಊತ, ಮಂದವಾದ ನಾಡಿ ಇವೇ ಮೊದಲಾದ ಲಕ್ಷಣಗಳು ಮೆಲ್ಲಮೆಲ್ಲನೆ ತೋರುತ್ತವೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯನು ಇಂತಹ ಒಬ್ಬ ರೋಗಿಗೆ ಕುರಿಯ ಥೈರಾಯಿಡ್‌ನ ಸಾರವನ್ನು ಚುಚ್ಚಿ ಗುಣಪಡಿಸಿದನು. 46 ವಯಸ್ಸಿನ ಆ ಮಹಿಳೆ ಚಿಕಿತ್ಸೆಯ ಬಲದಿಂದ ಮುಂದೆ 28 ವರ್ಷ ಬದುಕಿದ್ದಳು. 1914ರಲ್ಲಿ ಕೆಂಡಾಲ್ ಥೈರಾಕ್ಸಿನ್‌ನ ಹರಳುಗಳನ್ನು ಬೇರ್ಪಡಿಸಿದನು. 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಅಂದು ಕುರಿಯ ಗ್ರಂಥಿಯಿಂದ ಪಡೆಯಬೇಕಾಗಿದ್ದ ಔಷಧ ಇಂದು ಮೂಲೆಯ ಅಂಗಡಿಯಲ್ಲಿ ಅಗ್ಗದ ಮಾತ್ರೆಯಾಗಿ ದೊರೆಯುತ್ತದೆ.

ಥೈರಾಕ್ಸಿನ್ ಕಡಿಮೆಯಾದರೆ ಮೂತ್ರಪಿಂಡಕ್ಕೆ ಏನಾಗುತ್ತದೆ? ಹೃದಯದ ಬಡಿತ ನಿಧಾನವಾಗಿ, ಅದು ನಿಮಿಷಕ್ಕೆ ಹೊರಡಿಸುವ ರಕ್ತ ಕಡಿಮೆಯಾಗುತ್ತದೆ. ಇದರ ಜೊತೆಗೆ ಸಣ್ಣ ರಕ್ತನಾಳಗಳು ಸಂಕೋಚಗೊಂಡು ಪ್ರವಾಹಕ್ಕೆ ರೋಧ ಹೆಚ್ಚುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ವಾಸೇಯ ನಿಯಮ ಪರಿಚಿತವಾದುದು: ಕಿರಿದಾದ ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ತ್ರಿಜ್ಯವು ಹತ್ತರಲ್ಲಿ ಒಂದು ಪಾಲು ಕುಗ್ಗಿತೆನ್ನಿ, 0.9ರ ನಾಲ್ಕನೆಯ ಘಾತ ಸುಮಾರು 0.66, ಪ್ರವಾಹ ಮೂರನೆಯ ಒಂದು ಭಾಗದಷ್ಟು ಇಳಿದುಹೋಯಿತು! ಜೀವಂತ ರಕ್ತನಾಳವು ಗಾಜಿನ ಕೊಳವೆಯಲ್ಲ, ರಕ್ತವೂ ನೀರಿನಂತಹ ಸರಳ ದ್ರವವಲ್ಲ. ಆದುದರಿಂದ ಈ ಲೆಕ್ಕವನ್ನು ಅಕ್ಷರಶಃ ಹಿಡಿಯಬಾರದು. ಆದರೆ ಸ್ವಲ್ಪ ಸಂಕೋಚದಿಂದ ಎಷ್ಟು ದೊಡ್ಡ ಪರಿಣಾಮವಾಗಬಲ್ಲುದೆಂಬುದನ್ನು ಇದು ತೋರಿಸುತ್ತದೆ. ಇದರಿಂದ ಮೂತ್ರಪಿಂಡಕ್ಕೆ ಬರುವ ರಕ್ತ ತಗ್ಗುತ್ತದೆ, ಸೋಸುವ ದರವೂ ತಗ್ಗುತ್ತದೆ. ವಿಕಿರಣಶೀಲ ಗುರುತು ಹಚ್ಚಿದ ವಸ್ತುಗಳನ್ನು ಬಳಸಿ ನೇರವಾಗಿ ಅಳೆದಾಗಲೂ ಈ ಇಳಿತ ನಿಜವೆಂದು ಕಂಡುಬಂದಿದೆ. ನೀರನ್ನು ಹೊರಹಾಕುವ ಶಕ್ತಿಯೂ ಕುಂದುವುದರಿಂದ, ಕೊರತೆ ತೀವ್ರವಾದಾಗ ರಕ್ತದ ಸೋಡಿಯಂ ಕೆಳಗಿಳಿಯುವುದುಂಟು.

ಇದನ್ನು ಪರೀಕ್ಷಿಸಲು ವೈದ್ಯಶಾಸ್ತ್ರದಲ್ಲಿ ಒಂದು ಸಂದರ್ಭ ತಾನಾಗಿಯೇ ಒದಗಿತು. ಥೈರಾಯಿಡ್ ಕ್ಯಾನ್ಸರಿಗಾಗಿ ಗ್ರಂಥಿಯನ್ನು ತೆಗೆದುಹಾಕಿದ ರೋಗಿಗಳಿಗೆ ವಿಕಿರಣಶೀಲ ಅಯೋಡಿನ್ ಕೊಡುವ ಮೊದಲು ಕೆಲವು ವಾರ ಹಾರ್ಮೋನಿಲ್ಲದೆ ಇಡುವ ಪದ್ಧತಿ ಇದ್ದಿತು. ಅಂತಹವರಲ್ಲಿ ಕೆಲವೇ ವಾರಗಳೊಳಗೆ ಕ್ರಿಯಾಟಿನಿನ್ ಏರುವುದನ್ನೂ, ಹಾರ್ಮೋನನ್ನು ಮತ್ತೆ ಕೊಟ್ಟಾಗ ಅದು ಇಳಿಯುವುದನ್ನೂ ಅಮೆರಿಕದ ವೈದ್ಯರು 1999ರಲ್ಲಿ ವರದಿ ಮಾಡಿದರು. ಮೂತ್ರಪಿಂಡಗಳು ಅವೇ, ಮನುಷ್ಯನೂ ಅವನೇ. ಬದಲಾದದ್ದು ಹಾರ್ಮೋನು ಮಾತ್ರ. ಪ್ರಯೋಗವೊಂದರಿಂದ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಿರೀಕ್ಷಿಸುವುದು ಕಷ್ಟ.

ಈಗ ನಮ್ಮ ಗೋವಿಂದರಾಜನಗರದ ಕಡೆಗೆ ಬರೋಣ. ಮಾಗಡಿ ರಸ್ತೆಯ ಉದ್ದಕ್ಕೂ ರಕ್ತಪರೀಕ್ಷೆಯ ಪ್ರಯೋಗಶಾಲೆಗಳ ಫಲಕಗಳು ಕಾಣುತ್ತವೆ. ಒಂದೇ ಶುಲ್ಕಕ್ಕೆ ಹತ್ತಾರು ಪರೀಕ್ಷೆಗಳ ಕಟ್ಟು ದೊರೆಯುತ್ತದೆ. ಕಾಮಾಕ್ಷಿಪಾಳ್ಯದ ಒಂದು ಕಾರ್ಖಾನೆಯಲ್ಲಿ ದುಡಿಯುವ 40 ವಯಸ್ಸಿನ ಮಹಿಳೆಯೊಬ್ಬಳನ್ನು ಊಹಿಸಿಕೊಳ್ಳಿ. ಆಯಾಸವೆಂದು ಪರೀಕ್ಷೆ ಮಾಡಿಸಿದಳು, ಕ್ರಿಯಾಟಿನಿನ್ 1.5 ಎಂದು ಬಂದಿತು. 2021ರ ಸೂತ್ರಕ್ಕೆ ಈ ಅಂಕಿಯನ್ನು ಹಾಕಿದರೆ ಸೋಸುವ ದರ ಸುಮಾರು 45 ಎಂದು ಬರುತ್ತದೆ. 60ಕ್ಕಿಂತ ಕಡಿಮೆಯಾದ ದರ ಮೂರು ತಿಂಗಳು ಮುಂದುವರಿದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ರೋಗವೆಂದು ಹೆಸರಿಸುವುದು ರೂಢಿ. ಆ ಹೆಸರು ಬಿದ್ದ ಮೇಲೆ ಮನೆಯಲ್ಲಿ ನಡೆಯುವುದೇನು? ಬೇಳೆ, ಕಾಳು, ಮೊಟ್ಟೆಗಳಿಗೆ ನಿಷೇಧ. ಯಾರೋ ಹೇಳಿದ ಬೇರು-ಸೊಪ್ಪುಗಳ ಕಷಾಯ. ಇವುಗಳಲ್ಲಿ ಕೆಲವು ಮೂತ್ರಪಿಂಡಗಳಿಗೆ ನಿಜವಾಗಿಯೇ ವಿಷ. ವಾರಕ್ಕೆ ಮೂರಾವರ್ತಿ ಡಯಾಲಿಸಿಸ್ ಯಂತ್ರದ ಮುಂದೆ ಕುಳಿತಿರುವ ಪರಿಚಿತರೊಬ್ಬರ ಚಿತ್ರ ರಾತ್ರಿಯೆಲ್ಲ ಕಣ್ಣ ಮುಂದೆ. ಆಕೆಯ ಆಯಾಸಕ್ಕೂ ಆ ಅಂಕಿಗೂ ಕಾರಣ ಕುತ್ತಿಗೆಯ ಗ್ರಂಥಿಯಾಗಿದ್ದರೆ, ಇದೆಲ್ಲವೂ ವ್ಯರ್ಥವಾದ ಯಾತನೆ. ಅಷ್ಟೇ ಅಲ್ಲ, ನಿಜವಾದ ರೋಗಕ್ಕೆ ಚಿಕಿತ್ಸೆಯೂ ಇಲ್ಲ.

ಮೂರು ತಿಂಗಳ ನಿಯಮವೇ ಇಂತಹ ತಪ್ಪನ್ನು ತಡೆಯಲಾರದೇ ಎಂದು ಕೆಲವರು ಕೇಳಬಹುದು. ತಡೆಯಲಾರದು. ನಿರ್ಜಲೀಕರಣದಂತಹ ತಾತ್ಕಾಲಿಕ ಕಾರಣಗಳನ್ನು ಆ ನಿಯಮ ಬೇರ್ಪಡಿಸುತ್ತದೆ, ನಿಜ. ಆದರೆ ಥೈರಾಕ್ಸಿನ್ ಕೊರತೆಯು ತಾನಾಗಿ ವಾಸಿಯಾಗುವುದು ಅಪರೂಪ. ಮೂರು ತಿಂಗಳು ಕಾದರೂ, ಮೂರು ವರ್ಷ ಕಾದರೂ, ಚಿಕಿತ್ಸೆಯಿಲ್ಲದಿದ್ದರೆ ಅಂಕಿ ಮೇಲೆಯೇ ನಿಂತಿರುತ್ತದೆ. ಕಾಯುವುದರಿಂದ ಇಲ್ಲಿ ಸತ್ಯ ತಿಳಿಯುವುದಿಲ್ಲ. ಬೇರೊಂದು ಪರೀಕ್ಷೆಯಿಂದಲೇ ತಿಳಿಯಬೇಕು. ಆ ಪರೀಕ್ಷೆ ಟಿ.ಎಸ್.ಎಚ್. ಎಂಬುದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಥೈರಾಕ್ಸಿನ್ ಕಡಿಮೆಯಾದಾಗ ಥೈರಾಯಿಡನ್ನು ಎಚ್ಚರಿಸಲು ಈ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸುರಿಸುತ್ತದೆ. ಇದು ಏರಿ, ಥೈರಾಕ್ಸಿನ್ ಇಳಿದಿದ್ದರೆ ಕೊರತೆ ಖಚಿತ.

ಕ್ರಿಯಾಟಿನಿನ್‌ನ ಬದಲು ಸಿಸ್ಟಾಟಿನ್-ಸಿ ಎಂಬ ಮತ್ತೊಂದು ವಸ್ತುವನ್ನು ಅಳೆದರಾಗದೇ ಎಂಬ ಪ್ರಶ್ನೆಯೂ ಏಳುತ್ತದೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ಸಿಸ್ಟಾಟಿನ್-ಸಿ ಹುಟ್ಟುವ ಪ್ರಮಾಣವೇ ಥೈರಾಯಿಡ್ ಹಾರ್ಮೋನನ್ನು ಅವಲಂಬಿಸಿದೆ. ಹಾರ್ಮೋನು ಕಡಿಮೆಯಾದರೆ ಅದೂ ಕಡಿಮೆ ಹುಟ್ಟುತ್ತದೆ. ಸೋಸುವಿಕೆ ಕುಂದಿದ್ದರೂ ಮೂತ್ರಪಿಂಡಗಳು ಸೊಗಸಾಗಿವೆಯೆಂದು ಅದು ಸಾರುತ್ತದೆ. ಹೀಗೆ ಒಂದೇ ದೇಹದಲ್ಲಿ ಎರಡು ಮಾಪಕಗಳು ಎರಡು ದಿಕ್ಕಿಗೆ ಮುಖಮಾಡುತ್ತವೆ. ಎರಡರ ಸರಾಸರಿಯನ್ನು ತೆಗೆದು ನೆಮ್ಮದಿ ಪಡುವುದು ಅಳತೆಯ ಧರ್ಮವಲ್ಲ. ಮಾಪಕಗಳನ್ನು ಕದಲಿಸುತ್ತಿರುವುದು ಯಾವುದು ಎಂದು ಹುಡುಕುವುದೇ ಅಳತೆಯ ಧರ್ಮ.

ಇಂತಹ ರೋಗಿಗಳು ವಿರಳ, ಇವರಿಗಾಗಿ ಎಲ್ಲರಿಗೂ ಪರೀಕ್ಷೆ ಏಕೆ ಎಂಬ ಆಕ್ಷೇಪಣೆಯೂ ಉಂಟು. ವಿರಳವೇ ಎಂಬುದನ್ನು ನೋಡೋಣ. ಬೆಂಗಳೂರೂ ಸೇರಿದಂತೆ ಭಾರತದ ಎಂಟು ನಗರಗಳಲ್ಲಿ 5,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಥೈರಾಯಿಡ್ ಕೊರತೆಯಿರುವುದು ಕಂಡುಬಂದಿತು. ಅವರಲ್ಲಿ ಮೂರನೆಯ ಒಂದು ಭಾಗದಷ್ಟು ಜನರಿಗೆ ಆ ದಿನದವರೆಗೆ ತಮ್ಮ ರೋಗದ ಅರಿವೇ ಇರಲಿಲ್ಲ. 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಅಯೋಡಿನ್ ಬೆರೆಸಿದ ಉಪ್ಪು ಕ್ರಮೇಣ ಮನೆಮನೆಗೂ ಬಂದಿದ್ದರೂ ಈ ರೋಗ ನಿಂತಿಲ್ಲ. ಏಕೆಂದರೆ ಈಗಿನ ನಗರಗಳಲ್ಲಿ ಇದಕ್ಕೆ ಪ್ರಮುಖ ಕಾರಣ ದೇಹದ ರಕ್ಷಣಾವ್ಯವಸ್ಥೆಯೇ ಗ್ರಂಥಿಯ ಮೇಲೆ ಎರಗುವುದು. ಇಷ್ಟು ಸಾಮಾನ್ಯವಾದ ರೋಗವನ್ನು ಒಂದು ಸರಳ ಪರೀಕ್ಷೆಯಿಂದ ಗುರುತಿಸಬಹುದಾಗಿರುವಾಗ, ಅದನ್ನು ಬಿಟ್ಟುಬಿಡುವುದು ಮಿತವ್ಯಯವೆನಿಸುವುದಿಲ್ಲ.

ಆದರೆ ನನ್ನ ವಾದವನ್ನು ಅತಿಗೆ ಎಳೆಯುವವರೂ ಇರಬಹುದು; ಅವರಿಗೆ ಎಚ್ಚರಿಕೆಯ ಮಾತುಗಳನ್ನು ಹೇಳುವುದು ಅಗತ್ಯ. ಮೂತ್ರಪಿಂಡ ರೋಗಗಳಿಗೆ ಬಹುಪಾಲು ಕಾರಣಗಳು ಮಧುಮೇಹ ಮತ್ತು ಅಧಿಕ ರಕ್ತದೊತ್ತಡಗಳೇ. ಥೈರಾಯಿಡ್ ಮಾತ್ರೆಯಿಂದ ಅವು ವಾಸಿಯಾಗುವುದಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಹೇರಳವಾಗಿ ಹೋಗುತ್ತಿದ್ದರೆ, ಅದರ ಹೊಣೆಯನ್ನು ಥೈರಾಯಿಡ್‌ನ ಮೇಲೆ ಹೊರಿಸಿ ಸುಮ್ಮನಿರಲಾಗದು. ಅಲ್ಲದೆ ಸಂಬಂಧವು ಹಿಮ್ಮುಖವಾಗಿಯೂ ನಡೆಯುತ್ತದೆ: ಮೂತ್ರಪಿಂಡಗಳು ಕೆಟ್ಟಾಗ ಥೈರಾಯಿಡ್ ಹಾರ್ಮೋನುಗಳ ಮಟ್ಟ ಏರುಪೇರಾಗುವುದುಂಟು. ಟಿ.ಎಸ್.ಎಚ್. ಸ್ವಲ್ಪವೇ ಏರಿ ಥೈರಾಕ್ಸಿನ್ ಸಮವಾಗಿರುವವರಲ್ಲಿ ಮಾತ್ರೆಯಿಂದ ಮೂತ್ರಪಿಂಡಗಳಿಗೆ ಎಷ್ಟು ಲಾಭವೆಂಬ ವಿಷಯದಲ್ಲಿ ವೈದ್ಯರಲ್ಲಿಯೇ ಒಮ್ಮತವಿಲ್ಲ. ಇನ್ನು, ಮಾತ್ರೆಯನ್ನು ತಾವೇ ಹೆಚ್ಚಾಗಿ ನುಂಗಿದರೆ ಹೃದಯದ ಲಯ ತಪ್ಪುತ್ತದೆ, ಮೂಳೆಗಳು ಸವೆಯುತ್ತವೆ. ಅಂಥವರಲ್ಲಿ ಕ್ರಿಯಾಟಿನಿನ್ ಇಳಿದು ಚೀಟಿ ಚೆನ್ನಾಗಿ ಕಾಣಬಹುದು. ಅದು ಆರೋಗ್ಯದ ಗುರುತಲ್ಲ.

ಚಿಕಿತ್ಸೆಗೆ ತಾಳ್ಮೆಯೂ ಬೇಕು. ವಿಕಿರಣಶೀಲ ವಸ್ತುಗಳಿಗೆ ಅರ್ಧಾಯುಷ್ಯವಿರುವಂತೆ ರಕ್ತದಲ್ಲಿರುವ ಥೈರಾಕ್ಸಿನ್‌ಗೂ ಒಂದು ಅರ್ಧಾಯುಷ್ಯವಿದೆ. ಅದು ಸುಮಾರು ಏಳು ದಿನ. ಪ್ರತಿದಿನ ಒಂದೇ ಪ್ರಮಾಣದಲ್ಲಿ ಮಾತ್ರೆ ತೆಗೆದುಕೊಂಡರೆ ಮೊದಲ ವಾರದ ಕೊನೆಗೆ ಅಂತಿಮ ಮಟ್ಟದ ಅರ್ಧ, ಎರಡನೆಯ ವಾರಕ್ಕೆ ಮುಕ್ಕಾಲು, ಹೀಗೆ ಏರುತ್ತ ಐದನೆಯ ವಾರಕ್ಕೆ ನೂರಕ್ಕೆ 97ರಷ್ಟಾಗುತ್ತದೆ. ವೈದ್ಯರು ಆರರಿಂದ ಎಂಟು ವಾರಗಳ ಅನಂತರ ಮತ್ತೆ ಪರೀಕ್ಷೆ ಮಾಡಿಸಲು ಹೇಳುವುದರ ಮರ್ಮ ಇದೇ. ಒಂದೇ ವಾರದಲ್ಲಿ ಕ್ರಿಯಾಟಿನಿನ್ ಇಳಿಯಲಿಲ್ಲವೆಂದು ಮಾತ್ರೆಯನ್ನು ಬಿಡುವವರು ಗಣಿತವನ್ನು ಕಾಯಲಿಲ್ಲವೆಂದೇ ಹೇಳಬೇಕು. ಮಾತ್ರೆಯನ್ನು ಬರಿಯ ಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಳ್ಳಬೇಕು. ಕಾಫಿಗೆ ಅರ್ಧ ಗಂಟೆಯಾದರೂ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಗಳ ಅಂತರವಿರಬೇಕು. ಟಿ.ಎಸ್.ಎಚ್. ಸಮಸ್ಥಿತಿಗೆ ಬಂದು ತಿಂಗಳುಗಳಾದ ಮೇಲೂ ಕ್ರಿಯಾಟಿನಿನ್ ಮೇಲೆಯೇ ಉಳಿದಿದ್ದರೆ, ಆಗ ಮೂತ್ರಪಿಂಡಗಳಲ್ಲಿಯೇ ಕಾರಣವನ್ನು ಹುಡುಕಬೇಕು. ಆ ಹುಡುಕಾಟಕ್ಕೆ ನಮ್ಮ ನಗರದಲ್ಲಿ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯೂ, ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೋ-ಯುರಾಲಜಿ ಸಂಸ್ಥೆಯೂ ಇವೆ.

ಆದುದರಿಂದ ನಾನು ಮೂರು ಮಾತುಗಳನ್ನು ಮುಂದಿಡುತ್ತೇನೆ. ಒಂದನೆಯದು, ಕಾರಣ ತಿಳಿಯದೆ ಕ್ರಿಯಾಟಿನಿನ್ ಏರಿದ ಪ್ರತಿಯೊಬ್ಬರಿಗೂ ಟಿ.ಎಸ್.ಎಚ್. ಪರೀಕ್ಷೆ ನಡೆಯಬೇಕು, ಹಾಗೆಯೇ ಥೈರಾಯಿಡ್ ಕೊರತೆ ತೀವ್ರವಾಗಿರುವವರ ಕ್ರಿಯಾಟಿನಿನ್ ಅನ್ನು ಚಿಕಿತ್ಸೆಗೆ ಮೊದಲೂ ಅನಂತರವೂ ನೋಡಬೇಕು. ಎರಡನೆಯದು, ಸೋಸುವ ದರವನ್ನು ಮುದ್ರಿಸುವ ಪ್ರಯೋಗಶಾಲೆಗಳು, ಅದು ಸೂತ್ರದಿಂದ ಬಂದ ಅಂದಾಜು, ಥೈರಾಯಿಡ್‌ನ ಸ್ಥಿತಿಯಿಂದ ಅದು ಬದಲಾಗಬಹುದು ಎಂಬ ಒಂದು ವಾಕ್ಯವನ್ನು ಚೀಟಿಯ ಮೇಲೆ ಕನ್ನಡದಲ್ಲಿ ಅಚ್ಚುಮಾಡಬೇಕು. ಪರಭಾಷೆಯಲ್ಲಿ ದಪ್ಪ ಅಕ್ಷರದಿಂದ ಅಚ್ಚಾದ ಅಂಕಿ ಓದಬಾರದವರನ್ನು ಹೆದರಿಸುತ್ತದೆಯೇ ಹೊರತು ತಿಳಿವಳಿಕೆಯನ್ನು ಕೊಡುವುದಿಲ್ಲ. ಮೂರನೆಯದು ನಮ್ಮ ಶಿಕ್ಷಣಕ್ಕೆ ಸೇರಿದ್ದು. ವಿಸರ್ಜನೆಯ ಅಧ್ಯಾಯವನ್ನು ಮುಗಿಸಿದ ಅಧ್ಯಾಪಕರು ಒಂದು ತರಗತಿಯ ಮಟ್ಟಿಗಾದರೂ ಪ್ವಾಸೇಯ ನಿಯಮವನ್ನೂ ನಿರ್ನಾಳ ಗ್ರಂಥಿಗಳನ್ನೂ ಜೊತೆಗಿಟ್ಟು, ಮೂತ್ರಪಿಂಡಕ್ಕೆ ರಕ್ತ ಕಡಿಮೆಯಾದರೆ ಏನಾಗುತ್ತದೆ ಎಂದು ವಿದ್ಯಾರ್ಥಿಗಳನ್ನು ಕೇಳಲಿ. ಪರೀಕ್ಷೆಯಲ್ಲಿ ಇಂತಹ ಪ್ರಶ್ನೆ ಬಾರದಿರಬಹುದು. ಬದುಕಿನಲ್ಲಿ ಬರುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ರಕ್ತಪರೀಕ್ಷೆಯ ಚೀಟಿಯನ್ನು ಮೊದಲು ಓದುವವರು ನೀವೇ. ತಾಯಿಗೋ ಅಜ್ಜಿಗೋ ಅದನ್ನು ಓದಿಹೇಳುವಾಗ ಅಂಕಿಯನ್ನು ತೀರ್ಪೆಂದು ಸಾರಬೇಡಿ, ಔಷಧವನ್ನೂ ನೀವು ಹೇಳಬೇಡಿ. ಈ ಅಂಕಿ ಏರಿರುವುದು ಏಕೆ, ಥೈರಾಯಿಡ್ ಪರೀಕ್ಷೆ ಆಗಿದೆಯೇ ಎಂಬ ಎರಡು ಪ್ರಶ್ನೆಗಳನ್ನು ವೈದ್ಯರ ಮುಂದೆ ವಿನಯದಿಂದ ಇಡಿ. ನೀವು ಕಲಿತ ವಿಜ್ಞಾನದಿಂದ ಮನೆಯವರಿಗೆ ಆಗಬಹುದಾದ ಮೊದಲ ಉಪಕಾರ ಅದೇ.